ಗ್ಯಾಲರಿಯಿಂದ ಒಂದು ಕೂಗು

ಥಾರ್ನ್‌ಸೀ, ಲ್ಯಾಂಕಶೈರ್
೪ ಜುಲೈ ೧೯೭೭

ಪ್ರೀತಿಯ ರೋಡಾ,

ನೀನು ಸತ್ತ ಸುದ್ದಿ ನನಗೆ ಮೀನಿನ ಅಂಗಡಿಯಲ್ಲಿ ತಿಳಿಯಿತು. ಆ ವಾರ ನನ್ನ ಟೀವಿ ಕೆಟ್ಟು ಕೂತಿತ್ತು. ಹೊಗೆ ಹಾಕಿದ ಮೀನು ಎರಡು ತರೋಣವೆಂದು ಹೋದರೆ ಅಂಗಡಿಯ ಡೋರೀನ್ ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಅಯ್ಯೋ ಏಮಸ್, ಹೋಗ್ಬಿಟ್ರಲ್ಲೋ ನಮ್ಮ ಮೇಟ್ರನ್! ಬಸ್ಸು ಮೈಮೇಲೇ ಹತ್ತಿಬಿಡ್ತು. ಅದೂ ಆಸ್ಪತ್ರೆ ಬಾಗಿಲಲ್ಲೇ!" ಎಂದಳು. ಹನ್ನೊಂದು ವರ್ಷ ಟೀವಿಯಲ್ಲಿ ಹಿರಿಯ ನರ್ಸಾಗಿ ಆಸ್ಪತ್ರೆ ನಡೆಸಿದವಳನ್ನು ಆ ಆಸ್ಪತ್ರೆಯ ಮುಂದೆಯೇ ಬಸ್ಸಿನಡಿಗೆ ಹಾಕಬೇಕಾದರೆ, ಬರೆದವನಿಗೆ ಧಾರಾವಾಹಿ ಮುಗಿಸುವ ಆತುರ ಎಷ್ಟಿತ್ತೋ! ಡೋರೀನ್ ದುಡ್ಡು ತೆಗೆದುಕೊಳ್ಳಲಿಲ್ಲ. ಸತ್ತವಳ ಅಪ್ಪನ ಹತ್ತಿರ ಹೇಗೆ ತೆಗೆದುಕೊಳ್ಳುವುದು ಎಂದಳು. ನಾನೂ ಮುಖ ಸಣ್ಣದು ಮಾಡಿಕೊಂಡು ಮೀನು ತಂದೆ. ರುಚಿಯಾಗಿತ್ತು.

ವರ್ಷಕ್ಕೊಂದು ಕ್ರಿಸ್ಮಸ್ ಕಾರ್ಡು ಬಿಟ್ಟರೆ ನಾವು ಬರೆದುಕೊಂಡವರಲ್ಲ. ಈಗ ಬರೆಯುವುದಕ್ಕೆ ಕಾರಣವಿದೆ. ಈ ಕ್ರಿಸ್ಮಸ್‌ಗೆ ಪೆವಿಲಿಯನ್ ರಂಗಮಂದಿರದಲ್ಲಿ, ಮಕ್ಕಳು ಕೂಗಾಡುತ್ತಾ ನೋಡುವ ನಮ್ಮ ಪ್ಯಾಂಟೊ ನಗೆನಾಟಕಕ್ಕೆ ಗಿರಣಿಯ ಕಥೆ. ಎಂದಿನಂತೆ ಬರೆದವನು ನಾನೇ, ಎಂದಿನಂತೆ ಲಂಗ ತೊಟ್ಟು ಮುದುಕಿಯ ವೇಷ ಹಾಕುವವನೂ ನಾನೇ. ಗಿರಣಿಯ ವಿಧವೆ, ಮೂರು ಗಂಡಂದಿರನ್ನು ಮೇಲಕ್ಕೆ ಕಳುಹಿಸಿಕೊಟ್ಟವಳು, ನಾಲ್ಕನೆಯವನನ್ನು ಮೊದಲ ಸಾಲಿನ ಕುರ್ಚಿಗಳಲ್ಲಿ ಹುಡುಕುವವಳು. ಎಪ್ಪತ್ತೆರಡಕ್ಕೂ ಕಾಲೆತ್ತಿ ಕುಣಿಯುತ್ತೇನೆ. ಎತ್ತಿದ್ದನ್ನು ಇಳಿಸುವುದು ಮಾತ್ರ ಸ್ವಲ್ಪ ನಿಧಾನ. ಹೊಳೆಯ ದೇವತೆಯ ಪಾತ್ರಕ್ಕೆ ಯಾರೂ ಸಿಕ್ಕಿಲ್ಲ. ಮ್ಯಾನೇಜರು ಯಾರೋ ಹಾಡುಗಾರ್ತಿಯ ಹೆಸರು ಹೇಳಿದ. "ಅವಳಿಗೆ ಮಾತೇ ಬರಲ್ವಲ್ಲಯ್ಯಾ" ಅಂದೆ. "ಹಂಗಾದ್ರೆ ನಿಮ್ಮ ಮಗಳನ್ನೇ ಕೇಳಿ" ಅಂದ. ಊರಿಗೆ ಹೊಸಬ, ಪಾಪ. ಅವನಿಗೆ ಏನೂ ಗೊತ್ತಿಲ್ಲ.

ಇಗೋ, ಕೇಳಿದ್ದೇನೆ. ಬಲಗಡೆಯಿಂದ ಬರುವುದು, ಎಡಗಡೆಯಿಂದ ಬರುವ ದುಷ್ಟನನ್ನು ಓಡಿಸುವುದು, ಎಲ್ಲ ಮುಗಿದ ಮೇಲೆ ಮುಂದೆ ಬಂದು ಮಂಗಳದ ಎರಡು ಸಾಲು ಹೇಳುವುದು. ಅಷ್ಟೇ ಕೆಲಸ.

ಆರೋಗ್ಯ ನೋಡಿಕೋ. ಬಸ್ಸು ಬಂದರೆ ಪಕ್ಕಕ್ಕೆ ಸರಿ.

ನಿನ್ನ ಅಪ್ಪ,
ಏಮಸ್ ಹಿಂಡಲ್


ಕೆಂಟಿಷ್ ಟೌನ್, ಲಂಡನ್
೨೯ ಜುಲೈ ೧೯೭೭

ತಂದೆಯವರಿಗೆ,

ನಿಮ್ಮ ಪತ್ರ ತಲುಪಿತು. ಕೇಳಿದ್ದಕ್ಕೆ ಧನ್ಯವಾದ. ನನ್ನಿಂದ ಆಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿ ಅಂಚೆಗೆ ಹಾಕಲು ಹೊರಟಿದ್ದೆ. ಮೆಟ್ಟಿಲಿಳಿದವಳು ವಾಪಸು ಹತ್ತಿ ಬಂದೆ. ನೀವು ಎಲ್ಲವನ್ನೂ ಬರೆದಿದ್ದೀರಿ, ಮೀನಿನ ರುಚಿಯನ್ನೂ ಬಿಟ್ಟಿಲ್ಲ. ಆ ಗುರುವಾರದ ಬಗ್ಗೆ ಮಾತ್ರ ಒಂದಕ್ಷರವಿಲ್ಲ. ಹಾಗಾದರೆ ನಾನೇ ಬರೆಯುತ್ತೇನೆ. ನಮ್ಮಿಬ್ಬರಲ್ಲಿ ಯಾರಾದರೂ ಒಬ್ಬರು ಒಂದಲ್ಲ ಒಂದು ದಿನ ಬರೆಯಲೇಬೇಕಿತ್ತು.

ಹನ್ನೆರಡು ವರ್ಷದ ಹಿಂದೆ ಲಂಡನ್ನಿನಲ್ಲಿ ನನಗೆ ಮೊದಲ ದೊಡ್ಡ ಪಾತ್ರ ಸಿಕ್ಕಿತ್ತು. ಅಷ್ಟು ಹೊತ್ತಿಗೆ ಊರೂರು ತಿರುಗಿ, ವಾರಕ್ಕೊಂದು ನಾಟಕ ಬಾಯಿಪಾಠ ಮಾಡಿ, ತಣ್ಣಗಿನ ಬಾಡಿಗೆ ಕೋಣೆಗಳಲ್ಲಿ ತಣ್ಣಗಿನ ಗಂಜಿ ತಿಂದು ನನಗೆ ಸಾಕಾಗಿತ್ತು. ಎರಡನೇ ಅಂಕದಲ್ಲಿ ಒಬ್ಬ ತಾಯಿಗೆ ಮಗ ಸತ್ತ ಸುದ್ದಿ ತರುತ್ತಾರೆ. ಆಕೆ ಮಾತಾಡುವುದಿಲ್ಲ. ಅಳುವುದೂ ಇಲ್ಲ. ಬಹಳ ಹೊತ್ತಿನ ಮೇಲೆ "ಬಾಗಿಲು ಹಾಕಿ" ಎನ್ನುತ್ತಾಳೆ, ಬೇರೇನೂ ಇಲ್ಲ. ಆ ಮೌನವನ್ನು ಕಟ್ಟಲು ನಾನು ಪಟ್ಟ ಪಾಡು ನನಗೊಬ್ಬಳಿಗೇ ಗೊತ್ತು. ಆ ಗುರುವಾರ ಅದು ಕೈಗೂಡಿತ್ತು. ಇಡೀ ರಂಗಮಂದಿರ ಉಸಿರು ಹಿಡಿದು ಕೂತಿತ್ತು. ಆಗ ಎಲ್ಲಕ್ಕಿಂತ ಮೇಲಿನ ಗ್ಯಾಲರಿಯಲ್ಲಿ ನೀವು ಎದ್ದು ನಿಂತು, ಸಮುದ್ರದ ದಂಡೆಯವರೆಗೂ ಕೇಳುವಂಥ ನಿಮ್ಮ ಆ ಗಂಟಲಿನಲ್ಲಿ ಕೂಗಿದಿರಿ: "ಬಾಗಿಲು ಹಾಕಿ ಅನ್ನಮ್ಮಾ! ಬಾಗಿಲು ಹಾಕಿ!"

ಜನ ಬಿದ್ದು ಬಿದ್ದು ನಕ್ಕರು. ಮರುದಿನದ ಪತ್ರಿಕೆಯಲ್ಲಿ ನನ್ನ ಅಭಿನಯದ ಬಗ್ಗೆ ಎರಡು ಸಾಲು, ನಿಮ್ಮ ಗಂಟಲಿನ ಬಗ್ಗೆ ಅರ್ಧ ಕಾಲಂ. ಆಮೇಲೆ ಪ್ರತಿ ಸಂಜೆ ಆ ಮೌನ ಬಂದಾಗ ಯಾರಾದರೊಬ್ಬರು ಕಿಸಕ್ಕೆನ್ನುವರು. ಒಬ್ಬ ಕುಡುಕನಂತೂ ಆ ಮಾತನ್ನು ಕೂಗಲೆಂದೇ ಟಿಕೆಟ್ ತೆಗೆದುಕೊಂಡು ಬಂದ. ನಾಟಕ ತಿಂಗಳೊಳಗೆ ನಿಂತಿತು. ನಾನು ಕ್ಯಾಮೆರಾದ ಮುಂದೆ ಹೋದೆ. ಅಲ್ಲಿ ಗ್ಯಾಲರಿ ಇಲ್ಲ. ಆಮೇಲೆ ರಂಗದ ಮೇಲೆ ಕಾಲಿಡಲು ನನ್ನಿಂದ ಆಗಲೇ ಇಲ್ಲ.

ನಾನು ಮರೆತಿರಲಿಲ್ಲ. ಅದು ಮೌನವಾಗಿತ್ತು.

ರೋಡಾ


ಥಾರ್ನ್‌ಸೀ
೧೧ ಆಗಸ್ಟ್ ೧೯೭೭

ಪ್ರೀತಿಯ ರೋಡಾ,

"ತಂದೆಯವರಿಗೆ" ಎಂದು ಬರೆದಿದ್ದೀಯ. ತೆರಿಗೆ ಇಲಾಖೆಯವರೂ ನನಗೆ ಇದಕ್ಕಿಂತ ಸಲಿಗೆಯಿಂದ ಬರೆಯುತ್ತಾರೆ.

ನಿನ್ನ ಪತ್ರವನ್ನು ಕಡಲ ದಂಡೆಯ ಬೆಂಚಿನ ಮೇಲೆ ಕೂತು ಓದಿದೆ. ಪಕ್ಕದಲ್ಲಿ ಐವಿ ಹೆಣೆಯುತ್ತಾ ಕೂತಿದ್ದಳು. ಐವಿ ಡಕ್‌ವರ್ತ್ ನಿನಗೆ ನೆನಪಿರಬೇಕು. ನಮ್ಮ ಪ್ರಾಂಪ್ಟರು, ರಂಗದ ಪಕ್ಕದ ಮೂಲೆಯಲ್ಲಿ ಕೂತು ಮರೆತವರಿಗೆ ಮಾತು ಹೇಳಿಕೊಡುವವಳು. "ಏನಂತೆ?" ಅಂದಳು. "ಬರಲ್ವಂತೆ" ಅಂದೆ. "ಮತ್ತೆ ಅಷ್ಟುದ್ದ ಯಾಕೆ ಬರ್ದಿದಾಳೆ?" ಅಂದಳು. ಐವಿಗೆ ಎರಡು ಪ್ರಶ್ನೆಗಿಂತ ಹೆಚ್ಚು ಕೇಳುವ ಅಭ್ಯಾಸವಿಲ್ಲ.

ಹೇಳುತ್ತೇನೆ ಕೇಳು. ನಿನ್ನ ನಾಟಕದ ಪುಸ್ತಕದಲ್ಲಿ ಆ ಜಾಗದಲ್ಲಿ "ಮೌನ" ಎಂದು ಬರೆದಿತ್ತು. ಅದಕ್ಕೆ ಮುಂಚಿನ ಕ್ರಿಸ್ಮಸ್‌ನಲ್ಲಿ ನಿನ್ನ ಮಾತು ಒಪ್ಪಿಸಿಕೊಂಡವನು ನಾನೇ ಅಲ್ಲವೇ, ನೋಡಿದ್ದೆ. ಮೌನ ಎಂದರೆ ಒಂದು ಉಸಿರು, ಹೆಚ್ಚೆಂದರೆ ಎರಡು ಎಂದುಕೊಂಡೆ. ನನ್ನ ಕಸುಬಿನಲ್ಲಿ ಮೌನವೆಂಬುದೇ ಇಲ್ಲ ಮಗಳೇ. ಪ್ಯಾಂಟೊದಲ್ಲಿ ಯಾರಾದರೂ ಮಾತಿಲ್ಲದೆ ನಿಂತರೆ ಅವರ ಕಾಲಡಿಯ ಹಲಗೆ ಮುರಿಯಿತು ಎಂದೇ ಅರ್ಥ. ನನ್ನ ಮಗಳು ಅಷ್ಟು ಜನರೆದುರು ಕುಸಿಯುತ್ತಿದ್ದಳು. ನಾನು ಕೈಚಾಚಿದೆ. ಅಷ್ಟು ಮೇಲಿನಿಂದ ಕೈ ಎಟುಕುವುದಿಲ್ಲ, ಗಂಟಲು ಎಟುಕಿತು.

ತಪ್ಪಾಯಿತೆಂದು ಗೊತ್ತಾಗಿದ್ದು ನಿನ್ನ ಮುಖ ಕಂಡಾಗ. ಆದರೆ ನಿಜ ಹೇಳಲೇ? ಮತ್ತೆ ಹಾಗೆ ಕಂಡರೆ ಮತ್ತೆ ಕೂಗಿಬಿಡುತ್ತೇನೆ. ಅದಕ್ಕೇ ಆಮೇಲೆ ನಿನ್ನ ಹತ್ತಿರ ಸುಳಿಯಲಿಲ್ಲ. ಟೀವಿಯಲ್ಲಿ ಮಾತ್ರ ನೋಡಿದೆ, ಒಂದು ವಾರವೂ ತಪ್ಪಿಸದೆ. ಅಲ್ಲಿ ಎಷ್ಟು ಕೂಗಿದರೂ ನಿನಗೆ ತೊಂದರೆಯಿಲ್ಲ.

ನಿನ್ನ ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ. ಬಟ್ಟೆಬರೆಯ ಬುಟ್ಟಿಯಲ್ಲಿ ಮಲಗಿಸಿಕೊಂಡು ಊರೂರು ಒಯ್ದೆ. ವರ್ಷದಲ್ಲಿ ಎರಡು ತಿಂಗಳು ಲಂಗ ತೊಟ್ಟು ನಿನಗೆ ಅಮ್ಮನೂ ಆದೆ. ಆರು ವರ್ಷಕ್ಕೆ ನಿನ್ನನ್ನು ಎಲೆಕೋಸು ಮಾಡಿ ರಂಗದ ಮೇಲೆ ನಿಲ್ಲಿಸಿದಾಗ ನೀನು ಕೇಳಿದ್ದು ನೆನಪಿದೆಯೇ? "ಅಪ್ಪಾ, ತಾಲೀಮಲ್ಲಿ ಎಲ್ಲಾ ಮಾತೂ ಹೇಳ್ತಾರೆ, ಕೊನೇ ಎರಡು ಸಾಲು ಮಾತ್ರ ಯಾಕೆ ಯಾರೂ ಹೇಳಲ್ಲ?" ನಾನು ಹೇಳಿದ್ದೆ, "ನೋಡೋ ಜನ ಇಲ್ದೆ ಕೊನೇ ಸಾಲು ಹೇಳ್ಬಾರ್ದು ಕಣೇ. ಹೇಳಿದ್ರೆ ನಾಟಕ ಅಲ್ಲಿಗೆ ಮುಗಿದುಹೋಗುತ್ತೆ. ಮುಗಿದಿದ್ದನ್ನ ಮತ್ತೆ ಶುರು ಮಾಡಕ್ಕೆ ಯಾರಿಂದ್ಲೂ ಆಗಲ್ಲ." ನೀನು ಕೋಸಿನ ಎಲೆಯೊಳಗಿಂದ ಬಹಳ ಗಂಭೀರವಾಗಿ ತಲೆಯಾಡಿಸಿದ್ದೆ.

ಇದರ ಜೊತೆ ನಾಟಕದ ಪ್ರತಿ ಇಟ್ಟಿದ್ದೇನೆ. ಓದಬೇಕೆಂದೇನೂ ಇಲ್ಲ. ಕೊನೆಯ ಎರಡು ಸಾಲಿನ ಜಾಗ ಖಾಲಿಯಿದೆ, ಗೊತ್ತಲ್ಲ.

ಇನ್ನೊಂದು ಮಾತು. ಪ್ಯಾಂಟೊದಲ್ಲಿ ಮಾತು ಮರೆತರೆ ಅವಮಾನವಿಲ್ಲ. ಐನೂರು ಮಕ್ಕಳು ಹೇಳಿಕೊಡುತ್ತಾರೆ, ತಪ್ಪು ತಪ್ಪಾಗಿ.

ನಿನ್ನ ಅಪ್ಪ,
ಎರಡು ತಿಂಗಳಿಗೆ ಅಮ್ಮ


ಕೆಂಟಿಷ್ ಟೌನ್
೨ ಅಕ್ಟೋಬರ್ ೧೯೭೭

ಅಪ್ಪ,

ಈ ಎರಡು ತಿಂಗಳಲ್ಲಿ ನನಗೆ ಬಂದ ಕೆಲಸ ಒಂದೇ, ಸೂಪಿನ ಜಾಹೀರಾತು. ಮೇಟ್ರನ್ ವೇಷದಲ್ಲೇ ಬರಬೇಕಂತೆ. "ಸತ್ತುಹೋದಳಲ್ಲ ಅವಳು?" ಎಂದು ಕೇಳಿದೆ. "ಸೂಪು ಕುಡಿದು ಎದ್ದು ಬಂದಳು ಅಂತ ತೋರಿಸ್ತೀವಿ ಮೇಡಂ" ಎಂದರು. ಬೇಡವೆಂದೆ. ನಲವತ್ತೈದು ವರ್ಷದ ನಟಿ ಬೇಡವೆನ್ನಬಾರದು, ಗೊತ್ತು.

ಕಳೆದ ವಾರ ಪರಿಚಯದವರೊಬ್ಬರನ್ನು ಕೇಳಿಕೊಂಡು ಒಂದು ಖಾಲಿ ರಂಗಮಂದಿರಕ್ಕೆ ಹೋದೆ. ರಂಗದ ಮೇಲೆ ನಿಂತು ಹೊಳೆಯ ದೇವತೆಯ ಮೊದಲ ಪದ್ಯ ಹೇಳಬೇಕೆಂದಿದ್ದೆ. ಕಣ್ಣು ತಾನಾಗಿ ಗ್ಯಾಲರಿಯ ಕಡೆ ಹೋಗಿ ಅಲ್ಲೇ ಉಳಿಯಿತು. ಎಷ್ಟು ಹೊತ್ತು ನಿಂತಿದ್ದೆನೋ. ಕಸ ಗುಡಿಸುವಾಕೆ ಬಂದು, "ನಿಮ್ದು ಆಯ್ತಾ ಮೇಡಂ? ನಾನು ಇಲ್ಲಿ ಗುಡಿಸ್ಬೇಕು" ಎಂದಳು. "ಇನ್ನೂ ಶುರುವಾಗಿಲ್ಲ" ಎಂದೆ. "ಹಂಗಾದ್ರೆ ಬೇಗ ಶುರು ಮಾಡಿ, ನಂಗೆ ಬಸ್ಸಿದೆ" ಎಂದಳು. ಅವಳ ಬಸ್ಸಿಗೆ ಹೆದರಿ ಪದ್ಯ ಹೇಳಿದೆ. ಅವಳು ಪೊರಕೆಗೆ ಒರಗಿ ನಿಂತು ಕೇಳಿದಳು. ಕೊನೆಗೆ, "ಚೆನ್ನಾಗಿದೆ. ಮಕ್ಕಳಿಗಾ?" ಎಂದಳು.

ಬರುತ್ತೇನೆ. ಎರಡು ಷರತ್ತು. ಮೊದಲನೆಯದು, ರಂಗದ ಮೇಲೆ ನಾನು ನಿಂತುಬಿಟ್ಟರೆ ನೀವು ಬಾಯಿ ತೆರೆಯಕೂಡದು. ನಾನು ಅಲ್ಲೇ ಕಲ್ಲಾಗಿಹೋದರೂ ಸರಿ. ಎರಡನೆಯದು, ಆ ಕೊನೆಯ ಎರಡು ಸಾಲನ್ನು ಈಗಲೇ ಬರೆದು ಕಳಿಸಿ. ನನಗೆ ಗೊತ್ತಿಲ್ಲದ ಮಾತಿನ ಮುಂದೆ ಹೋಗಿ ನಿಲ್ಲುವ ಧೈರ್ಯ ನನಗಿಲ್ಲ.

ರೋಡಾ


ಥಾರ್ನ್‌ಸೀ
೬ ನವೆಂಬರ್ ೧೯೭೭

ಪ್ರೀತಿಯ ರೋಡಾ,

ಮೊದಲನೆಯ ಷರತ್ತು ಒಪ್ಪಿದೆ. ಬಾಯಿಗೆ ಕರವಸ್ತ್ರ ತುರುಕಿಕೊಂಡಾದರೂ ನಡೆಸುತ್ತೇನೆ. ಎರಡನೆಯದು ಆಗದು. ಕೊನೆಯ ಸಾಲನ್ನು ಮೊದಲ ಪ್ರದರ್ಶನದ ದಿನ ಬೆಳಿಗ್ಗೆ, ಚಹಾದ ಜೊತೆ, ಹೇಳುವವರ ಕಿವಿಯಲ್ಲಿ ಹೇಳುವುದು ನನ್ನ ಪದ್ಧತಿ. ಐವಿಯ ಪುಸ್ತಕದಲ್ಲೂ ಆ ಜಾಗ ಖಾಲಿ. ಯುದ್ಧದ ವರ್ಷಗಳಲ್ಲಿ ಬಾಂಬು ಬೀಳುತ್ತಿದ್ದಾಗಲೂ ಮುರಿಯದ್ದನ್ನು ಈಗ ನಿನಗಾಗಿ ಮುರಿದರೆ ಪೆವಿಲಿಯನ್ನಿನ ಮಾಡು ನನ್ನ ತಲೆಯ ಮೇಲೇ ಬಿದ್ದೀತು. ಅದು ಈಗಾಗಲೇ ಸೋರುತ್ತಿದೆ.

ನಿನಗೆ ಐವಿಯ ಮನೆಯಲ್ಲಿ ಮಹಡಿ ಕೋಣೆ. ಶುಂಠಿ ಕೇಕು ಮಾಡಿಟ್ಟಿದ್ದಾಳೆ. ಹಳತಾದಷ್ಟೂ ರುಚಿ ಎನ್ನುತ್ತಾಳೆ, ನನ್ನನ್ನು ನೋಡಿಕೊಂಡು. ಇಬ್ಬರು ಹೊಕ್ಕು ಆಡುವ ಕತ್ತೆಯ ವೇಷದ ಮುಂಭಾಗಕ್ಕೆ ಹೊಸಬ, ಹಿಂಭಾಗಕ್ಕೆ ಅದೇ ಸಿರಿಲ್. ನನಗೇನಾದರೂ ಆದರೆ ನನ್ನ ಲಂಗ ತೊಡಬೇಕಾದವನೂ ಅವನೇ. "ಏನೂ ಆಗ್ಬೇಡಪ್ಪಾ ನಿಂಗೆ, ಕತ್ತೆ ಹಿಂದೆ ನಂಗೆ ಬೆಚ್ಚಗಿದೆ" ಎನ್ನುತ್ತಾನೆ.

ಮೊನ್ನೆ ಕೈಯಿಂದ ಚಹಾದ ಬಟ್ಟಲು ಬಿತ್ತು. ಚಳಿಗೆ ಬೆರಳು ಜೋಮು ಹಿಡಿಯುತ್ತದೆ, ಅಷ್ಟೇ. ನೀನು ಬರುತ್ತೀಯೆಂದು ತಿಳಿದಾಗಿನಿಂದ ಸುಮ್ಮನೆ ಖುಷಿಯಾಗಿದ್ದೇನೆ. ಹೀಗೆ ಬರೆದು ರೂಢಿಯಿಲ್ಲ, ಬರೆದುಬಿಟ್ಟೆ.

ಅಪ್ಪ


ಐವಿಯ ಮನೆ, ಥಾರ್ನ್‌ಸೀ
೨೧ ಡಿಸೆಂಬರ್ ೧೯೭೭

ಅಪ್ಪ,

ಇವತ್ತು ಆಸ್ಪತ್ರೆಗೆ ಬಂದಿದ್ದೆ. ನೀವು ನಿದ್ದೆಯಲ್ಲಿದ್ದಿರಿ. ಇನ್ನು ಭಾನುವಾರದವರೆಗೆ ಒಳಗೆ ಬಿಡುವುದಿಲ್ಲವಂತೆ. ಈ ಪತ್ರವನ್ನು ನಿಮಗೆ ಓದಿ ಹೇಳುವುದಾಗಿ ನರ್ಸು ಒಪ್ಪಿದ್ದಾಳೆ. ನನ್ನನ್ನು ಕಂಡದ್ದೇ ಆ ಹುಡುಗಿ ಟೋಪಿ ಸರಿಮಾಡಿಕೊಂಡು ನೆಟ್ಟಗೆ ನಿಂತಳು. "ಮೇಟ್ರನ್ ಬಂದ್ರು!" ಎಂದು ವಾರ್ಡೆಲ್ಲ ಗುಸುಗುಸು. ಒಬ್ಬ ಮುದುಕ ಹಾಸಿಗೆಯಡಿ ಸಿಗರೇಟು ಬಚ್ಚಿಟ್ಟ. ನೀವು ಎಚ್ಚರವಿದ್ದಿದ್ದರೆ ಎಷ್ಟು ನಗುತ್ತಿದ್ದಿರಿ.

ನಿಮಗೆ ನೆನಪಿದೆಯೋ ಇಲ್ಲವೋ. ಸೋಮವಾರದ ತಾಲೀಮಿನಲ್ಲಿ, ಹಿಟ್ಟಿನ ದೃಶ್ಯದಲ್ಲಿ, ನೀವು ಮಾತಿನ ನಡುವೆ ನಿಂತುಬಿಟ್ಟಿರಿ. ಎಲ್ಲರೂ ನಕ್ಕರು. ನೀವು ನಿಂತರೆ ಅದೂ ಒಂದು ಚೇಷ್ಟೆಯೆಂದೇ ಎಲ್ಲರ ಲೆಕ್ಕ. ಆಮೇಲೆ ಲಂಗದೊಳಗೇ ಕುಸಿದಿರಿ. ಆಂಬುಲೆನ್ಸಿನಲ್ಲಿ ನಿಮ್ಮ ಬಾಯಿ ಏನೋ ಹೇಳಲು ಹೊರಟು ಓರೆಯಾಗಿ ನಿಂತಿತು. ನನಗೆ ಕೂಗಿ ಹೇಳಿಕೊಡಬೇಕೆನ್ನಿಸಿತು. ಯಾವ ಮಾತೆಂದು ಗೊತ್ತಿದ್ದರೆ ಕೂಗುತ್ತಿದ್ದೆ.

ಪಾರ್ಶ್ವವಾಯುವಂತೆ. ಬಲಗೈ, ಮಾತು, ಎರಡೂ ನಿಧಾನವಾಗಿ ಬರಬಹುದು, ಬುದ್ಧಿಗೇನೂ ಆಗಿಲ್ಲ ಎಂದು ಡಾಕ್ಟರು ಹೇಳಿದರು. ಆ "ಬಹುದು" ಎನ್ನುವುದನ್ನು ನಾನೂ ಟೀವಿಯಲ್ಲಿ ಎಷ್ಟೋ ಮನೆಯವರಿಗೆ ಹೇಳಿದ್ದೇನೆ. ಕೇಳುವ ಕಡೆ ನಿಂತರೆ ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ.

ಬರುವ ಸೋಮವಾರ ಮಧ್ಯಾಹ್ನ ಮೊದಲ ಪ್ರದರ್ಶನ. ಟಿಕೆಟ್ಟೆಲ್ಲ ಮಾರಿಹೋಗಿದೆ. ಸಿರಿಲ್ ನಿಮ್ಮ ಲಂಗ ತೊಟ್ಟು ಅಳುತ್ತಾ ತಾಲೀಮು ಮಾಡುತ್ತಿದ್ದಾನೆ. ಕೊನೆಯ ಎರಡು ಸಾಲು ಯಾರಿಗೂ ಗೊತ್ತಿಲ್ಲ. ಐವಿಯನ್ನು ಕೇಳಿದೆ. "ಅವನು ಎಲ್ಲೂ ಬರೆದಿಡಲ್ಲ ಕಣಮ್ಮಾ. ತಲೇಲಿ ಇಟ್ಕೋತಾನೆ, ಕಿವೀಲಿ ಹೇಳ್ತಾನೆ" ಎಂದಳು. "ಹಾಗಾದ್ರೆ ನಾನೇನು ಹೇಳ್ಲಿ ಐವಿ?" ಎಂದೆ. "ಅದು ನಂಗೊತ್ತಿದ್ರೆ ನಾನು ಮೂಲೇಲಿ ಯಾಕೆ ಕೂತಿರ್ತಿದ್ದೆ?" ಎಂದು ಹೆಣಿಗೆ ಕೈಗೆತ್ತಿಕೊಂಡಳು.

ನನಗೆ ತುಂಬ ಭಯವಾಗುತ್ತಿದೆ. ಇವತ್ತು ಬರುವಾಗ ಸ್ಟೇಷನ್ನಿನಲ್ಲಿ ಲಂಡನ್ ರೈಲಿನ ಹೊತ್ತು ವಿಚಾರಿಸಿದೆ. ನಿಮ್ಮಿಂದ ಮುಚ್ಚಿಡುವುದಿಲ್ಲ.

ರೋಡಾ


ಥಾರ್ನ್‌ಸೀ
೨೭ ಡಿಸೆಂಬರ್ ೧೯೭೭

ಅಪ್ಪಾ,

ರೈಲು ಹತ್ತಲಿಲ್ಲ. ಇದನ್ನು ಓದಿ ಹೇಳುವ ಹುಡುಗಿಗೆ: ನಿಧಾನವಾಗಿ ಓದಮ್ಮ, ಅವನಿಗೆ ಎಲ್ಲ ವಿವರವೂ ಬೇಕು.

ರಂಗಮಂದಿರ ತುಂಬಿತ್ತು. ಕಿತ್ತಳೆ ಸಿಪ್ಪೆ, ಒದ್ದೆ ಕೋಟು, ಮಕ್ಕಳ ವಾಸನೆ, ನಾನು ಹುಟ್ಟಿ ಬೆಳೆದ ವಾಸನೆ. ಬಲಗಡೆಯ ಪರದೆಯ ಪಕ್ಕ, ಅದರ ಅಂಚು ಹಿಡಿದು ನಿಂತೆ. ಐವಿ ಎದ್ದು ಬಂದು ನನ್ನ ಬೆನ್ನಿಗೆ ಕೈಯಿಟ್ಟು, "ಹೋಗೇ ಎಲೆಕೋಸೇ" ಎಂದು ತಳ್ಳಿದಳು. ಮೊದಲ ಪದ್ಯ ಹೇಳಿದೆ. ಬಿದ್ದುಹೋಗಲಿಲ್ಲ. ದುಷ್ಟ ಎಡಗಡೆಯಿಂದ ಬಂದಾಗ ಮಕ್ಕಳು ಅವನನ್ನು ಬೈದ ಬೈಗುಳಕ್ಕೆ ನನಗೇ ಅವನ ಮೇಲೆ ಕನಿಕರ ಬಂತು. ಸಿರಿಲ್ ನಿನ್ನ ಹಾಗೆ ಕಾಲೆತ್ತಲು ಹೋಗಿ ಲಂಗ ಹರಿದುಕೊಂಡ. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ. ನಾಳೆಯೂ ಹರಿದುಕೊಳ್ಳುತ್ತಾನಂತೆ.

ಆಮೇಲೆ ಕೊನೆ ಬಂತು. ಎಲ್ಲರೂ ಮಿನುಗುವ ಬಟ್ಟೆ ತೊಟ್ಟು ಮೆಟ್ಟಿಲಿಳಿದು ಸಾಲಾಗಿ ನಿಂತರು. ವಾದ್ಯ ನಿಂತಿತು. ನಾನು ಮುಂದೆ ಬಂದೆ. ಏನಾದರೂ ಇರಲೆಂದು ಎರಡು ಸಾಲು ಹೊಸೆದುಕೊಂಡಿದ್ದೆ. ಹೊಸ ವರ್ಷ, ಹರ್ಷ, ಆ ಥರದ್ದು. ಬಾಯಿ ತೆರೆದರೆ ಅದೂ ಇಲ್ಲ. ಐವಿಯ ಕಡೆ ನೋಡಿದೆ. ಅವಳು ಪುಸ್ತಕ ಮುಚ್ಚಿ ಕನ್ನಡಕ ತೆಗೆದಳು. ಸಿರಿಲ್‌ನ ಕಡೆ ನೋಡಿದೆ. "ನನ್ನ ನೋಡ್ಬೇಡಿ ಮೇಡಂ, ಕತ್ತೆ ಹಿಂದಕ್ಕೆ ಯಾವತ್ತೂ ಮಾತಿರಲಿಲ್ಲ" ಎಂದು ಪಿಸುಗುಟ್ಟಿದ.

ಈ ಸಲ ಅದು ಮೌನವಾಗಿರಲಿಲ್ಲ ಅಪ್ಪಾ. ನಿಜವಾಗಿ ಹಲಗೆ ಮುರಿದಿತ್ತು. ಗ್ಯಾಲರಿಯ ಕಡೆ ನೋಡಿದೆ. ನೀನು ಅಲ್ಲಿಲ್ಲವೆಂದು ಗೊತ್ತಿತ್ತು, ಆದರೂ ನನ್ನ ಕಿವಿ ಕಾಯುತ್ತಿತ್ತು. ಇಷ್ಟು ವರ್ಷ ಯಾವ ಕೂಗಿಗೆ ಹೆದರಿ ಓಡಿದ್ದೆನೋ, ಅದೇ ಕೂಗು ಬರಲಿ ಎಂದು ಬೇಡಿಕೊಂಡೆ. ನಾನು ಬಿದ್ದರೆ ಯಾರಿರಲಿ ಏನಿರಲಿ ಎದ್ದು ನಿಂತು ಕೂಗುವವನು ಈ ಭೂಮಿಯ ಮೇಲೆ ಒಬ್ಬನೇ ಇದ್ದ, ಅವನಿಗೆ ಈಗ ಮಾತು ಬರುವುದಿಲ್ಲ ಎಂದು ಅಷ್ಟು ಬೆಳಕಿನಲ್ಲಿ ನಿಂತು ನನಗೆ ಅರಿವಾಯಿತು. ಅಳು ಬಂತು. ದೇವತೆ ಅಳಬಾರದು, ಬಣ್ಣ ಇಳಿಯುತ್ತದೆ.

ಅಷ್ಟರಲ್ಲಿ ಮೇಲಿನಿಂದ ಯಾವುದೋ ಮಗು, "ಮೇಟ್ರನ್! ಮಾತಾಡಿ ಮೇಟ್ರನ್!" ಎಂದು ಕಿರುಚಿತು. ಇನ್ನೊಂದು, "ಟಾಟಾ ಅನ್ನಿ!" ಎಂದಿತು. ಮತ್ತೊಂದು, "ಮತ್ತೆ ಸತ್ತೋದ್ರಾ?" ಎಂದಿತು. ಇಡೀ ಗ್ಯಾಲರಿ ಎದ್ದು ನಿಂತು ನನಗೆ ಮಾತು ಹೇಳಿಕೊಡತೊಡಗಿತು, ಎಲ್ಲವೂ ತಪ್ಪು, ನೀನು ಬರೆದ ಹಾಗೆಯೇ. ನಾನು ನಕ್ಕುಬಿಟ್ಟೆ. ಆಮೇಲೆ ಬಾಯಿಗೆ ಬಂದದ್ದು ಇದು:

ಕಲ್ಲು ತಿರುಗಿತು, ಹಿಟ್ಟು ಉದುರಿತು, ಕಥೆಯು ಮುಗಿಯಿತು ಇಲ್ಲಿಗೆ,
ಮೇಲೆ ಕೂತು ಕೂಗುವವರೇ, ಕೂಗುತಿರಿ ಎಂದೆಂದಿಗೂ!

ಪರದೆ ಬಿತ್ತು. ಐವಿ ಅಳುತ್ತಿದ್ದಳು. ಇನ್ನೂ ನಾಲ್ಕು ವಾರ ಆಡಬೇಕು. ನಾನು ಆಡುತ್ತೇನೆ.

ನಿನ್ನ ಆ ಎರಡು ಸಾಲು ಏನಿತ್ತು? ಕೈ ಬಂದ ದಿನ ಬರೆ. ಆ ದಿನದವರೆಗೆ ನನ್ನದನ್ನೇ ಹೇಳುತ್ತೇನೆ.

ನಿನ್ನ ರೋಡಾ


ಆಸ್ಪತ್ರೆಯಿಂದ
೨೭ ಜನವರಿ ೧೯೭೮

ರೋಡಾ,

ಎಡಗೈ ಬರಹ. ಕೋಳಿ ಕೆದರಿದ ಹಾಗಿದೆ. ಒಂದು ಸಾಲಿಗೆ ಅರ್ಧ ಗಂಟೆ. ಓದಿಕೋ.

ನಿನ್ನ ಎರಡು ಸಾಲನ್ನು ನರ್ಸಿನ ಕೈಲಿ ದಿನವೂ ಓದಿಸಿದೆ. ಭಾವ ಚೆನ್ನಾಗಿದೆ. ಪ್ರಾಸ ಕೆಟ್ಟದಾಗಿದೆ. "ಇಲ್ಲಿಗೆ" ಎಂದ ಮೇಲೆ "ಎಂದೆಂದಿಗೂ" ಎನ್ನುತ್ತಾರೆಯೇ? ಮರ್ಯಾದಸ್ಥರು "ಮೆಲ್ಲಗೆ" ಎನ್ನುತ್ತಾರೆ. ಆದರೆ ಗ್ಯಾಲರಿಯವರು ಮೆಲ್ಲಗೆ ಕೂಗುವುದಿಲ್ಲ, ಅದೂ ನಿಜ. ಇರಲಿ ಬಿಡು.

ನನ್ನ ಎರಡು ಸಾಲು ಏನಿತ್ತೆಂದು ಕೇಳಿದ್ದೀಯ. ಹೇಳುವುದಿಲ್ಲ. ಇಲ್ಲಿ ನೋಡುವ ಜನ ಇಲ್ಲ. ಮುಂದಿನ ಕ್ರಿಸ್ಮಸ್‌ಗೆ ಬಾ, ಬೆಳಿಗ್ಗೆ ಚಹಾದ ಜೊತೆ ಕಿವಿಯಲ್ಲಿ ಹೇಳುತ್ತೇನೆ. ಅಲ್ಲಿಯವರೆಗೆ ನಾನು ಮುಗಿಯುವಂತಿಲ್ಲ. ಡಾಕ್ಟರಿಗೆ ಬರೆದು ತೋರಿಸಿದ್ದೇನೆ.

ಬುಧವಾರ, ಪ್ಯಾಂಟೊ ಮುಗಿಸಿ ನೀನು ಲಂಡನ್ನಿಗೆ ಹೊರಡುವ ಮುಂಚೆ ಬಂದೆಯಲ್ಲ. ಮಾತು ಕಲಿಸುವಾಕೆ ಬಂದು, "ಏಮಸ್, ಏನಾದ್ರೂ ಹೇಳಿ ನೋಡೋಣ, ಯಾವ್ದಾದ್ರೂ ಸರಿ" ಎಂದಳು. ನಾನು ಬಾಯಿ ತೆರೆದು ಕೂತೆ. ವಾರ್ಡೆಲ್ಲ ನೋಡುತ್ತಿತ್ತು. ನೀನು ಕುರ್ಚಿಯ ತುದಿಯಲ್ಲಿದ್ದೆ, ಮುಖ ಕೆಂಪಾಗಿತ್ತು. ನೀನು ತಡೆದೆ, ತಡೆದೆ, ಆಮೇಲೆ ಎದ್ದು ನಿಂತು ಕೂಗಿಬಿಟ್ಟೆ: "ಬಾಗಿಲು ಹಾಕಿ ಅನ್ನಪ್ಪಾ! ಬಾಗಿಲು ಹಾಕಿ!"

ಎಂಥ ಗಂಟಲು! ಕೊನೆಯ ಹಾಸಿಗೆಯ ಕಿವುಡನೂ ಎದ್ದು ಕೂತ. ನಾನು ಅಂದೆ. ಗಂಜಿ ಕಲಸಿದ ಹಾಗೆ ಬಂತು, ಆದರೂ ಅಂದೆ. ಆ ಪೆದ್ದು ನರ್ಸು ನಿಜವಾಗಿಯೂ ಹೋಗಿ ಬಾಗಿಲು ಹಾಕಿ ಬಂದಳು.

ಒಂದು ವಿಷಯ ಮಾತ್ರ ಸ್ಪಷ್ಟವಾಗಿರಲಿ. ನಾನು ಮರೆತಿರಲಿಲ್ಲ. ಅದು ಮೌನವಾಗಿತ್ತು.

ಆದರೂ ನೀನು ಕೂಗಿದ್ದು ಒಳ್ಳೆಯದಾಯಿತು.

ಅಪ್ಪ